ಜರುಗುವ ತಟ್ಟೆ

ಬ್ರಹ್ಮಾವರದ ಹೈಸ್ಕೂಲಿನಲ್ಲಿ ನಾನು ಡ್ರಿಲ್ ಮಾಸ್ತರನಾಗಿದ್ದವನು. ಕೈ ಎತ್ತು ಎಂದರೆ ಮೈದಾನದ ಕೈಗಳೆಲ್ಲ ಒಟ್ಟಿಗೆ ಏಳುತ್ತಿದ್ದವು. ಕಳೆದ ಮಳೆಗಾಲದಲ್ಲಿ ಕಿರುಮಿದುಳಿಗೆ ಪೆಟ್ಟಾಗಿ ಆಸ್ಪತ್ರೆಯಿಂದ ಬಂದ ಮೇಲೆ ನನ್ನ ಬಲಗೈಯೇ ನನ್ನ ಮಾತು ಕೇಳಲಿಲ್ಲ. ಶಕ್ತಿ ಇತ್ತು, ಗುರಿ ಇರಲಿಲ್ಲ. ಎಲ್ಲಿಗೆ ಚಾಚಿದರೂ ಒಂದು ಗೇಣು ಬಲಕ್ಕೆ ಹೋಗಿ ಬೀಳುತ್ತಿತ್ತು. ನನಗೆ ಬೇಕಿದ್ದುದು ಇಷ್ಟೇ: ಚಮಚದ ಹಂಗಿಲ್ಲದೆ, ನಾಲ್ಕು ಜನರ ಪಂಕ್ತಿಯಲ್ಲಿ ಬಲಗೈಯಿಂದ ಉಣ್ಣುವುದು.

ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. "ಕೈ ಎಲ್ಲಿಗೆ ಹೋಗಬೇಕಿತ್ತು, ಎಲ್ಲಿ ಬಿತ್ತು, ಆ ಅಂತರವೇ ಮಿದುಳಿಗೆ ಪಾಠ. ತಪ್ಪಲು ಬಿಡಿ." ಮನೆಯವರೆಲ್ಲ ತಲೆಯಾಡಿಸಿದರು. ತಲೆಯಾಡಿಸುವುದು ನಮ್ಮವರಿಗೆ ಚೆನ್ನಾಗಿ ಬರುತ್ತದೆ. ಅದಕ್ಕೆ ಮಿದುಳು ಬೇಕಾಗಿಲ್ಲ.

ಊಟಕ್ಕೆ ಕೈ ಚಾಚಿದರೆ ಸಾಕು, ಹೆಂಡತಿ ತಟ್ಟೆಯನ್ನೇ ಕೈಯಡಿಗೆ ಜರುಗಿಸುತ್ತಿದ್ದಳು. "ಅಡ್ಡಿಲ್ಲೆ, ಸಮಾ ಆಯ್ತ್ ಕಾಣಿ!" ಬೈದರೆ ಇನ್ನಷ್ಟು ನಾಜೂಕಾಗಿ ಜರುಗಿಸಿದಳು. ನನ್ನ ಕೈ ಕಲಿಯಬೇಕಾದದ್ದನ್ನೆಲ್ಲ ಅವಳ ಕೈ ಕಲಿಯಿತು. ಬೀಜಾಡಿಯಿಂದ ನೋಡಲು ಬಂದ ತಂಗಿಯದೂ ಅದೇ ರಾಗ: "ಅಡ್ಡಿಲ್ಲ ಅಣ್ಣ." ಮೀನು ಹಳಸಿದರೂ ಅಡ್ಡಿಲ್ಲ, ಬಸ್ಸು ತಪ್ಪಿದರೂ ಅಡ್ಡಿಲ್ಲ. ಕಂಡದ್ದನ್ನು ಹೇಳಲಾರದವರಿಗೆ ಇಷ್ಟು ಅನುಕೂಲದ ಮಾತು ಇನ್ನೊಂದಿಲ್ಲ.

ಹೀಗೆ ತಯಾರಾದ ಕೈಯನ್ನು ಬಾರ್ಕೂರಿನ ಮದುವೆಯೂಟಕ್ಕೆ ಒಯ್ದೆ. ಬಾಳೆಲೆಗೆ ದಾಕ್ಷಿಣ್ಯವಿಲ್ಲ, ಅದು ಜರುಗಲಿಲ್ಲ. ಕೈ ನೇರ ಹೋಗಿ ಬಲಪಕ್ಕದಲ್ಲಿ ಕೂತಿದ್ದ ಹೆಂಡತಿಯ ಅಣ್ಣನ ಎಲೆಯೊಳಗೆ, ಸಾರನ್ನದ ನಡುವೆ ಬಿತ್ತು. ಉಣ್ಣುವ ಎಲೆಗೆ ಇನ್ನೊಬ್ಬನ ಕೈ!

"ಹ್ವಾಯ್ ಭಾವ, ನಿಮ್ಮ ಎಲಿ ಆಚಿ ಇತ್ತ್, ಇದ್ ನಂದ್! ಎಂತ, ನನ್ನ ಸಾರೇ ರುಚಿಯಾ?"

ಎಲ್ಲರೂ ನಕ್ಕರು. ಅವನಿಗೆ ಬೇರೆ ಎಲೆ ಹಾಕಿದರು. ಅಡ್ಡಿಲ್ಲ ಎನ್ನಲು ಆಗ ಒಬ್ಬರಿಗೂ ಬಾಯಿ ಬರಲಿಲ್ಲ.

ಮರುದಿನದಿಂದ ಮನೆಯಲ್ಲೂ ಬಾಳೆಲೆ. ನನ್ನ ಎಲೆ ಮುಟ್ಟಿದವರಿಗೆ ಊಟವಿಲ್ಲ ಎಂದೆ. ಅನ್ನ ಮೇಜಿನ ಮೇಲೆ, ನೆಲದ ಮೇಲೆ, ಪಂಚೆಯ ಮೇಲೆ. ಬೆಕ್ಕು ದಪ್ಪವಾಯಿತು. ಹೆಂಡತಿ ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ದೊಡ್ಡ ತ್ಯಾಗ ಮಾಡುವವಳಂತೆ ಕೂತಿರುತ್ತಿದ್ದಳು. ಗೇಣಿನ ಅಂತರ ಬೆರಳಗಲಕ್ಕೆ ಇಳಿಯಿತು, ಒಮ್ಮೊಮ್ಮೆ ಬಲ ಬಿಟ್ಟು ಎಡಕ್ಕೂ ತಪ್ಪತೊಡಗಿತು.

ಮೊನ್ನೆ ಸಾಸ್ತಾನದಲ್ಲಿ ಉಪನಯನದ ಊಟ. ಭಾವ ದೂರ ಹೋಗಿ ಕೂತ, ಪುಕ್ಕಲ. ಬಲಕ್ಕೆ ಹೆಂಡತಿ ಕೂತಳು. ನಾನು ಕೈ ಚಾಚಿದೆ.

"ಅಡ್ಡಿ..." ಎಂದವಳು ನನ್ನ ಮುಖ ನೋಡಿ ನಿಲ್ಲಿಸಿದಳು. ಎಲೆಯತ್ತ ಬಗ್ಗಿ ನೋಡಿ ಹೇಳಿದಳು: "ಚೂರ್ ಎಡಕ್ಕಾಯ್ತ್. ಉಪ್ಪಿನ್ ಮೇಲ್ ಬಿತ್ತ್."

ಇಷ್ಟು ತಿಂಗಳಲ್ಲಿ ಅವಳಾಡಿದ ಮೊದಲ ಪ್ರಯೋಜನದ ಮಾತು. ಕೈಯನ್ನು ಚೂರು ಬಲಕ್ಕೆ ತಂದೆ. ಅನ್ನ ಸಿಕ್ಕಿತು. ಉಂಡೆ.