ಮಾಸ್ಟ್ರು ಹೇಳಿದ ವೀಸಾದ ಅರ್ಥ

ಆಗ ನನಗೆ ನಲವತ್ತೊಂಬತ್ತು. ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಮೊನ್ನೆ ಸಾಲ್ಮಿಯಾದ ಮಗಳ ಮನೆಯಲ್ಲಿ ಮೊಮ್ಮಗಳು ನನ್ನ ಹಳೆಯ ಪಾಸ್‌ಪೋರ್ಟ್ ಬಿಡಿಸಿ, "ಅಜ್ಜಿ, ವೀಸಾ ಮೀನ್ಸ್ ವಾಟ್?" ಅಂದಳು. ಆ ಶಬ್ದದ ಕೆಳಗೆ ಪೆನ್ಸಿಲಿನ ಗೆರೆ ಇನ್ನೂ ಇತ್ತು... ಮಾಸ್ಟ್ರು ಎಳೆದದ್ದು.

ಅವರು ಗಲ್ಫಿಗೆ ದುಡಿಯಲು ಬಂದ ನಾವು ಕೆಲವರು ಹಂಚಿಕೊಂಡಿದ್ದ ಫರ್ವಾನಿಯಾದ ಫ್ಲಾಟಿನವರೇ. ಮೂರು ಕೋಣೆ, ಒಂದೇ ಒಲೆ. ಒಲೆಯ ಸರದಿಯ ಚೀಟಿ ಫ್ರಿಜ್ಜಿಗೆ ಅಂಟಿಸಿತ್ತು. ಬೆಳಗಿನ ಐದೂವರೆ ಅವರದು, ಆರು ನನ್ನದು. ಪಾದ್ರಿಯಾಗಲು ಓದಿ ಅರ್ಧಕ್ಕೇ ಬಿಟ್ಟವರು, ಕಚೇರಿಯೊಂದರಲ್ಲಿ ಟೈಪಿಂಗ್ ಕೆಲಸ. ನನ್ನ ಅನ್ನ ಬೇಯುವಷ್ಟು ಹೊತ್ತು ಇಂಗ್ಲಿಷ್ ಅಕ್ಷರ ಕಲಿಸುತ್ತಿದ್ದರು. ನಾನು ಮೊದಲು ಓದಿದ ಶಬ್ದ ಈ ವೀಸಾವೇ.

"ಲ್ಯಾಟಿನ್ ಶಬ್ದ ಅದು, ಅಕ್ಕ. ನೋಡಿದ್ದು ಅಂತ ಅರ್ಥ. ಅಧಿಕಾರಿ ಕಾಗದ ನೋಡಿದ್ದಾನೆ, ಅಷ್ಟೆ."

"ಅಷ್ಟೆಯಾ? ಅವ ನೋಡ್ಲಿಕ್ಕೆ ನಾನು ಬೊಂಬಾಯಲ್ಲಿ ಹದಿನೇಳು ದಿನ ಕೂತದ್ದಾ ಮಾಸ್ಟ್ರೇ?"

"ಕಾಗದ ಮಾತ್ರ ನೋಡುವುದು. ನಿಮ್ಮನ್ನು ಯಾರು ನೋಡ್ತಾರೆ!" ಎಂದು ನಕ್ಕಿದ್ದರು.

ಒಂದು ಶುಕ್ರವಾರ ಸಂಜೆ ಬಸ್ಸಿಳಿದು ಅವರಿಗೆ ಫೋನ್ ಮಾಡಿದೆ. ಕೈಯಲ್ಲಿ ಹತ್ತು ಕಿಲೋ ಅಕ್ಕಿ, ನನ್ನ ಮೊಣಕಾಲು ಕೆಟ್ಟಿತ್ತು. ಮಾಸ್ಟ್ರು ಇದ್ದ ಹಾಗೇ ಓಡಿ ಬಂದು ಚೀಲ ಹೆಗಲಿಗೇರಿಸಿದರು. ತಿರುವಿನಲ್ಲಿ ಪೊಲೀಸರು ಎಲ್ಲರ ಗುರುತಿನ ಕಾರ್ಡು ಕೇಳುತ್ತಿದ್ದರು. ನನ್ನದು ನೋಡಿ ಕೊಟ್ಟರು. ಮಾಸ್ಟ್ರು ಜೇಬು ತಡಕಿದರು.

"ಅಕ್ಕ, ಫ್ರಿಜ್ಜಿನ ಮೇಲುಂಟು. ಐದು ನಿಮಿಷ, ತಂದುಬಿಡಿ."

ಇವನು ಗೊತ್ತೇ ಎಂದು ಪೊಲೀಸು ನನ್ನನ್ನು ಕೇಳಿದ. ನನ್ನ ಇಕಾಮಾ, ಅಂದರೆ ವಾಸದ ಪರವಾನಗಿ, ನನ್ನನ್ನು ಕರೆಸಿಕೊಂಡ ಕಫೀಲನ ಮನೆಯ ಕೆಲಸಕ್ಕೆ ಮಾತ್ರ. ಅಡುಗೆ ಮಾಡುತ್ತಿದ್ದುದು ಬೇರೆ ಮೂರು ಮನೆಯಲ್ಲಿ. ಕೆದಕಿದರೆ ನನ್ನನ್ನೇ ಊರಿಗೆ ಅಟ್ಟುತ್ತಿದ್ದರು.

"ನಹೀ ಮಾಲೂಮ್," ಅಂದೆ. "ಕೂಲಿ."

ಮಾಸ್ಟ್ರು ಚೀಲವನ್ನು ಮೆಲ್ಲಗೆ ನನ್ನ ಕಾಲ ಬಳಿ ಇಳಿಸಿ ಜೀಪು ಹತ್ತಿದರು.

ನಾಲ್ಕನೇ ದಿನ ಅವರ ಕಂಪನಿಯವರು ಬಿಡಿಸಿದರಂತೆ. ನಾನು ಕೆಲಸಕ್ಕೆ ಹೋಗಿದ್ದಾಗ ಮಾಸ್ಟ್ರು ಬಂದು ತಮ್ಮ ಪೆಟ್ಟಿಗೆ ಒಯ್ದರು. ಮತ್ತೆ ಕಾಣಲಿಲ್ಲ... ಹೋದ ವರ್ಷ ತೀರಿಕೊಂಡರೆಂದು ತಿಳಿಯಿತು. ಮೊಮ್ಮಗಳಿಗೆ ಶಬ್ದದ ಅರ್ಥ ಹೇಳಿದೆ, ಕಲಿಸಿದ್ದು ಯಾರೆಂದು ಹೇಳಲಿಲ್ಲ. ಅಂದು ಹೆದರಿಕೆಯಿಂದ ಅವರನ್ನು ಗೊತ್ತಿಲ್ಲ ಅಂದೆ ಎನ್ನಬಹುದು. ಆದರೆ ಹೆದರಿಕೆ ಆ ರಾತ್ರಿ ಮಲಗುವ ಹೊತ್ತಿಗೇ ಇಳಿದಿತ್ತು.

ಅವರನ್ನು ಒಯ್ದ ಮರುದಿನ ಬೆಳಗ್ಗೆ ಐದೂವರೆಗೆ ಎದ್ದೆ. ಒಲೆ ಖಾಲಿ ಇತ್ತು. ಅವರ ಕಾರ್ಡು ಫ್ರಿಜ್ಜಿನ ಮೇಲೇ ಇತ್ತು, ಯಾರ ಕೈಯಲ್ಲಾದರೂ ಠಾಣೆಗೆ ಕಳಿಸಬಹುದಿತ್ತು. ಅವರ ಸರದಿಯಲ್ಲಿ ಒಲೆ ಹಚ್ಚಿ, ಅವರು ಹೊತ್ತ ಅಕ್ಕಿಯನ್ನೇ ತೊಳೆದು ಅನ್ನಕ್ಕಿಟ್ಟೆ.