ಕಾಕಾನ ಹಲ್ಲು ಮತ್ತು ಚಿಂಚೋಳಿಯ ಕರಡಿ

ಇವತ್ತು ಬೆಳಿಗ್ಗೆ ಖಡಕ್ ರೊಟ್ಟಿ ಮುರಿದೆ. ಕಟ್ ಅಂತ ಸದ್ದಾಯಿತು. ಅಷ್ಟಕ್ಕೇ ನನ್ನ ನಾಲಿಗೆ ಬಾಯೊಳಗೆ ಒಂದು ಸುತ್ತು ಹೊಡೆದು, ಎಲ್ಲ ಹಲ್ಲುಗಳ ಹಾಜರಿ ತೆಗೆದುಕೊಂಡು ಬಂತು. ನಿಮಗೂ ಹೀಗಾಗುತ್ತದೋ ಇಲ್ಲವೋ, ನನಗೆ ಮೂವತ್ತು ವರ್ಷದಿಂದ ಆಗುತ್ತಿದೆ. ಕಾರಣ ನಮ್ಮ ಶಹಾಬಾದದ ಕಾಕಾನ ಹಲ್ಲು. ಹೋದ ತಿಂಗಳು ಆ ಹಲ್ಲಿನ ಬಗ್ಗೆ ಬರೆದು, ನಾನು ಹೊಡೆತ ತಿನ್ನುವುದೊಂದು ಬಾಕಿ ಉಳಿದಿತ್ತು. ಅದನ್ನೇ ಹೇಳುತ್ತೇನೆ, ಆರಾಮಾಗಿ ಕೂತುಕೊಳ್ಳಿ.

ನಾನು ಫೋನಿನಲ್ಲಿ ಬರೆಯುವವಳು. ದೊಡ್ಡ ಲೇಖಕಿ ಏನಲ್ಲ. ಮನೆಯವರ ಮರ್ಯಾದೆ ತೆಗೆಯುವ ಪೋಸ್ಟು ಹಾಕಿ ಲೈಕು ಎಣಿಸುತ್ತ ಕೂಡುವ ನಲವತ್ತೆಂಟರ ಹೆಂಗಸು. ಹೀಗಿರುವಾಗ ಸೇಡಂನ ಒಂದು ಕಾಲೇಜಿನಿಂದ ಕನ್ನಡ ಮೇಷ್ಟ್ರು ಫೋನ್ ಮಾಡಿದರು.

"ಮೇಡಂ, ನೀವು ಬರಿಯೋದಕ್ಕ ಕ್ರಿಯೇಟಿವ್ ನಾನ್‌ಫಿಕ್ಷನ್ ಅಂತಾರ್ರಿ. ಕಥಿ, ಕವಿತಾ, ನಾಟಕಕ್ಕೂ ಅದಕ್ಕೂ ಏನ್ ಫರಕ್ ಅದ ಅಂತ ನಮ್ಮ ಹುಡುಗರಿಗೆ ಒಂದ್ ತಾಸು ಬಂದು ಹೇಳ್ರಿ."

ಅಲ್ಲಿಯವರೆಗೆ ನಾನು ಬರೆಯುವುದಕ್ಕೆ ನಮ್ಮ ಮನೆಯಲ್ಲಿ ಚಾಡಿ ಅಂತ ಹೆಸರಿತ್ತು. ಇಷ್ಟುದ್ದದ ಹೆಸರು ಸಿಕ್ಕ ಖುಷಿಗೆ ಎರಡು ದಿನ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೂರನೇ ದಿನ ಗಾಬರಿಯಾಯಿತು. ಫರಕ್ ಹೇಳಬೇಕೆಂದರೆ ಉದಾಹರಣೆ ಬೇಕಲ್ಲ? ಆಗ ಕಾಕಾನ ಹಲ್ಲು ನೆನಪಾಯಿತು.

ಕಾಕಾಗೆ ಶಹಾಬಾದದಲ್ಲಿ ಕಲ್ಲು ಪಾಲಿಶ್ ಮಾಡುವ ಕೆಲಸ. ನಾನು ಅವರ ಮನೆಯಲ್ಲಿದ್ದು ಕಾಲೇಜು ಓದುತ್ತಿದ್ದೆ. ಕಾಳಗಿಯಿಂದ ಕಳಿಸುವಾಗ ಅಪ್ಪ ಒಂದೇ ಷರತ್ತು ಹಾಕಿದ್ದ: ಕಾಲೇಜಿನ ಪುಸ್ತಕ ಬಿಟ್ಟು ಕಾದಂಬರಿ ಕೈಯಲ್ಲಿ ಕಂಡರೆ ಮರುದಿನವೇ ಊರಿಗೆ ವಾಪಸು, ಆಮೇಲೆ ಲಗ್ನ. ಕಾಕಿಯದು ರೊಟ್ಟಿಯಲ್ಲಿ ಎತ್ತಿದ ಕೈ. ವಾಡಿಯಿಂದ ಚಿತ್ತಾಪುರದವರೆಗೆ ಮದುವೆ ಮನೆಗಳಿಗೆ ಅವಳು ಬಡಿದ ಖಡಕ್ ರೊಟ್ಟಿಯೇ ಹೋಗಬೇಕು. ಒಂದು ಮಧ್ಯಾಹ್ನ ಕಾಕಾ ಅದೇ ರೊಟ್ಟಿ ಮುರಿದು, ಪುಂಡಿಪಲ್ಯ ಹಚ್ಚಿಕೊಂಡು ಬಾಯಿಗಿಟ್ಟ. ಕಟ್. ನಕ್ಕರೆ ಕಾಣುವ ಜಾಗದ ಹಲ್ಲೊಂದು ತಾಟಿಗೆ ಬಿತ್ತು.

ಅಲ್ಲಿಂದ ಸಾಹಿತ್ಯ ಶುರು.

ಹಲ್ಲು ಎಲ್ಲಿ ಹೋಯಿತೆಂದು ಮಕ್ಕಳು ಕೇಳಿದರೆ ಕಾಕಾ ಚಿಂಚೋಳಿ ಕಾಡಿನಿಂದ ಕರಡಿ ತರುತ್ತಿದ್ದ. ಮೊದಲ ವರ್ಷ ಕರಡಿ ಬರೀ ಒಂದು ಏಟು ಹೊಡೆದು ಹೋಯಿತು. ಎರಡನೇ ವರ್ಷ ಅದಕ್ಕೊಬ್ಬಳು ಹೆಂಡತಿ ಬಂದಳು. ಆಮೇಲೆ ಎರಡು ಮರಿಗಳಾದವು, ಒಂದು ಮರಿಗೆ ಜ್ವರವೂ ಬಂತು. ಅದು ಕಾದಂಬರಿ, ಬರೆದವನಿಗೂ ನಿಲ್ಲಿಸಲು ಬರುವುದಿಲ್ಲ. ಚಿತ್ತಾಪುರದ ಬೀಗರು ಬಂದರೆ ಕರಡಿಯ ಬದಲು ಕಲ್ಲಿನ ಚಪ್ಪಡಿ ಜಾರುತ್ತಿತ್ತು. ಕಾಕಾ ಒಬ್ಬನೇ ಅದನ್ನು ತಡೆದು, ನೆಲದ ಮೇಲೆ ಅಂಗಾತ ಬಿದ್ದು ತೋರಿಸುತ್ತಿದ್ದ. ಚಪ್ಪಡಿಯ ಪಾತ್ರವನ್ನು ಪಾಪ ಬೀಗರೇ ಮಾಡಬೇಕಾಗುತ್ತಿತ್ತು. ಇದಕ್ಕೆ ನಾಟಕ ಅನ್ನದೆ ಏನನ್ನುತ್ತೀರಿ?

ಭಜನೆಗೆ ಕೂತರೆ ಅದೇ ಹಲ್ಲು ಕವಿತೆ. "ಇದ್ದದ್ದು ಹೋಯ್ತೋ ತಮ್ಮಾ, ಸಂದ್ಯಾಗ ಗಾಳಿ ಹಾಡತದೋ" ಅಂತ ಕಾಕಾ ಎಳೆದರೆ ಮುದುಕರು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರು ಜೀವದ ಬಗ್ಗೆ ಅಂತ ತಿಳಿದುಕೊಂಡಿದ್ದರು. ಕಾಕಾ ಹಲ್ಲಿನ ಬಗ್ಗೆಯೇ ಹಾಡಿದ್ದ. ಇನ್ನು ದವಾಖಾನೆಯ ಚೀಟಿಯಲ್ಲಿ "ಒಂದು ಹಲ್ಲು ಮುರಿದಿದೆ" ಅಂತಿತ್ತು. ಖರೆ ಮಾತು, ಆದರೆ ಅದನ್ನು ಯಾರು ಎರಡನೇ ಸಲ ಓದುತ್ತಾರೆ?

ನನ್ನ ಬರಹ ಇವೆಲ್ಲದರ ನಡುವೆ ಎಲ್ಲೋ ಇದೆ. ಕರಡಿ ತರುವಂತಿಲ್ಲ, ನಡೆದದ್ದೇ ಇರಬೇಕು. ಆದರೆ ಚೀಟಿಯ ಹಾಗೆ ಒಣಗಿಯೂ ಇರಬಾರದು. ರೊಟ್ಟಿ ಬಡಿಯುತ್ತಿದ್ದ ಕಾಕಿಯ ಕೈ ಅರ್ಧಕ್ಕೆ ನಿಂತದ್ದು, ತಾಟಿನಲ್ಲಿದ್ದ ಹಲ್ಲನ್ನು ಶೇಂಗಾ ಅಂದುಕೊಂಡು ಕಾಕಾ ಮತ್ತೆ ಬಾಯಿಗೆ ಹಾಕಿಕೊಳ್ಳಲು ಹೋದದ್ದು, ಇದನ್ನೆಲ್ಲ ಕಥೆಗಾರರ ಹಾಗೆ ಚಂದ ಮಾಡಿ ಹೇಳಬಹುದು. ಹೇಳಿದೆ. 'ಕಾಕಿಯ ರೊಟ್ಟಿ ಮುರಿದ ಹಲ್ಲು' ಅಂತ ಹೆಸರಿಟ್ಟು, ಕೊನೆಗೆ "ಒಂದಕ್ಷರವೂ ಸುಳ್ಳಿಲ್ಲ, ನಾನೇ ಸಾಕ್ಷಿ" ಅಂತ ಸೇರಿಸಿ ಪೋಸ್ಟು ಹಾಕಿದೆ. ಕಾಕಾ ಇಷ್ಟು ವರ್ಷ ಯಾಕೆ ಸುಳ್ಳು ಹೇಳಿದ ಅನ್ನುವುದು ನನಗೆ ಗೊತ್ತೇ ಇತ್ತು: ಹೆಂಡತಿಯ ರೊಟ್ಟಿಯ ಮಾನ ಕಾಯಲು. ಅದನ್ನೂ ಬರೆದೆ. ಲೈಕು ಸುರಿದವು.

ನಾಲ್ಕನೇ ದಿನ ಕಾಕಿಯ ಫೋನು.

"ವಾಡಿ ಮಂದಿ ಫೋನ್ ಮಾಡಿದ್ರು. ಲಗ್ನಕ್ಕ ಹಿರೇರು ಭಾಳ ಮಂದಿ ಬರ್ಲಿಕತ್ತಾರಂತ, ನನ್ನ ರೊಟ್ಟಿ ಬ್ಯಾಡಂತ. ನಲವತ್ ವರ್ಷ ಬಡದೀನಿ, ಒಬ್ರೂ ಹಂಗ ಅಂದಿದ್ದಿಲ್ಲ."

"ಕಾಕಿ, ನಾ ಖರೇನೇ ಬರದೀನಲ್ಲ..."

"ಹೌದಾ? ಹಂಗಾರ ಇಲ್ಲಿ ಬಾ. ಈಗಿಂದೀಗ ಬಾ."

ಹೋದೆ. ಬಾಗಿಲಲ್ಲೇ ಕಾಕಾ ಕೂತಿದ್ದ. ಈಗ ಬಾಯಲ್ಲಿ ಉಳಿದದ್ದು ಐದೋ ಆರೋ ಹಲ್ಲು. ರೊಟ್ಟಿಯನ್ನು ಬೇಳೆಯಲ್ಲಿ ನೆನೆಹಾಕಿಕೊಂಡು ತಿನ್ನುತ್ತಾನೆ.

"ಕರಡಿ ಅಂತ ಬರದಿದ್ರ ನಿನ್ನ ಗಂಟೇನ್ ಹೋಗ್ತಿತ್ತವ್ವಾ? ಮೂವತ್ ವರ್ಷ ಸಾಕೀನಿ ನಾ ಅದನ್ನ!"

ಕಾಕಿ ಎಲೆ ಅಡಿಕೆಯ ಸಂಚಿಯಿಂದ ಹಳೆಯ ಸುಣ್ಣದ ಡಬ್ಬಿ ತೆಗೆದು ನನ್ನ ಅಂಗೈ ಮೇಲೆ ಬೋರಲು ಹಾಕಿದಳು. ಎರಡು ವಸ್ತು ಬಿದ್ದವು.

"ಇದೇನು?" ಅಂತ ಕೇಳಿದಳು.

"ಹಲ್ಲು."

"ಇದು?"

"ತೊಗರಿ ಬ್ಯಾಳಿ."

"ಕಡಿ ನೋಡಮ."

ಉಗುರಿನಿಂದ ಒತ್ತಿದೆ. ಬೇಳೆಯಷ್ಟೇ ಗಾತ್ರದ, ಬೇಳೆಯದೇ ಬಣ್ಣದ ಹರಳು.

"ಪುಂಡಿಪಲ್ಯದಾಗಿನ ಬ್ಯಾಳಿಯೊಳಗ ಇತ್ತು. ರೊಟ್ಟಿದು ಏನೂ ತಪ್ಪಿಲ್ಲ. ಅವತ್ತ ಬ್ಯಾಳಿ ಹಸನ ಮಾಡಿದ್ದು ಯಾರು, ಸಾಕ್ಷಿದಾರಳೇ?"

ಮೊರ ನೆನಪಾಯಿತು. ಮೊರದ ಈ ಕಡೆ ಬೇಳೆ, ಆ ಕಡೆ ಬಾಡಿಗೆಗೆ ತಂದ ಪತ್ತೇದಾರಿ ಕಾದಂಬರಿ. ಕೊಲೆಗಾರ ಸಿಗಲು ನಾಲ್ಕು ಪುಟ ಬಾಕಿ ಇತ್ತು. ಕೈ ಬೇಳೆಯಲ್ಲಿ, ಕಣ್ಣು ಪುಸ್ತಕದಲ್ಲಿ. ಇಡೀ ಪೋಸ್ಟಿನಲ್ಲಿ ತಾಟು, ತಂಬಿಗೆ, ಕಾಕಿಯ ಬಳೆ ಎಲ್ಲ ಇದ್ದವು. ಮೊರ ಒಂದೇ ಇರಲಿಲ್ಲ. ಬೇಕಂತಲೇ ಬಿಟ್ಟಿದ್ದೆನೇ ಅಂದರೆ ಅದೂ ಅಲ್ಲ. ನನ್ನ ನೆನಪು ಮೊದಲಿನಿಂದಲೂ ನನ್ನ ವಕೀಲ.

"ಆವಾಗ್ಲೇ ಯಾಕ ಬೈಲಿಲ್ಲ ಕಾಕಿ?"

"ಬೈದ್ರ ಓಣಿಗೆಲ್ಲ ಕೇಳ್ತಿತ್ತು. ಓಣಿಗೆ ಕೇಳಿದ್ರ ನಿಮ್ಮಪ್ಪಗ ಮುಟ್ಟತಿತ್ತು. ಹರಳು ಯಾಕ ಕಾಣಲಿಲ್ಲ ಅಂದ್ರ ಕಾದಂಬರಿ ಅನ್ಬೇಕಾಗ್ತಿತ್ತು. ನಿನ್ನ ಕಾಲೇಜು ಅಲ್ಲೇ ಖತಂ. ಅದಕ್ಕ ಇವರು ಕರಡಿ ತಂದ್ರು."

"ಸುಮ್ನ ತಂದೀನೇನು? ಚಿಂಚೋಳಿ ಏನ್ ಹತ್ತರ ಅದ?" ಅಂದ ಕಾಕಾ.

ಕಾಕಿ ನನ್ನ ಫೋನು ಕಸಿದುಕೊಂಡು ಕೈಗೆ ಮೊರ ಕೊಟ್ಟಳು. ಅಂದು ಎರಡು ಸೇರು ಬೇಳೆ ಹಸನು ಮಾಡಿದೆ. ಏಳು ಹರಳು ಸಿಕ್ಕವು. ಕಾಕಿ ಮತ್ತೆ ನೋಡಿ ಎಂಟನೆಯದನ್ನು ತೆಗೆದಳು.

ಫೋನು ಕೈಗೆ ಬಂದ ಮೇಲೆ ಎರಡನೇ ಪೋಸ್ಟು ಬರೆದೆ. ಹರಳಿನ ಫೋಟೋ ಹಾಕಿ, ರೊಟ್ಟಿ ನಿರ್ದೋಷಿ, ಹಲ್ಲು ಮುರಿದದ್ದು ನಾನು ಮತ್ತು ನನ್ನ ಕಾದಂಬರಿ ಅಂತ ಮೊರದ ಸಮೇತ ಒಪ್ಪಿಕೊಂಡೆ. ವಾಡಿಯವರು ಮತ್ತೆ ರೊಟ್ಟಿ ಹೇಳಿದರು. ಪುಂಡಿಪಲ್ಯ ಮಾತ್ರ ತಾವೇ ಮಾಡಿಕೊಳ್ಳುತ್ತಾರಂತೆ. ಸೇಡಂಗೂ ಹೋಗಿ ಬಂದೆ. ನಿಜವನ್ನೇ ಬರೆಯುವವರು ಮೊದಲು ತಮ್ಮ ಮೊರ ನೋಡಿಕೊಳ್ಳಬೇಕು ಅಂತ ಒಂದು ತಾಸು ಹೇಳಿದೆ. ಪ್ರಶ್ನೆ ಇದ್ದರೆ ಕೇಳಿ ಅಂದಾಗ ಹಿಂದಿನ ಬೆಂಚಿನ ಹುಡುಗಿ ಎದ್ದು ಕೇಳಿದಳು: "ಮೇಡಂ, ಆ ಕರಡಿ ಮರಿ ಜ್ವರ ಇಳೀತೇನ್ರಿ?"

ಇವತ್ತು ರೊಟ್ಟಿ ಮುರಿದು ಹಲ್ಲಿನ ಹಾಜರಿ ಮುಗಿಸಿ ಫೋನು ತೆರೆದರೆ, ನನ್ನ ತಪ್ಪೊಪ್ಪಿಗೆಯ ಕೆಳಗೆ ಕಾಕಾ ಬರೆದಿದ್ದಾನೆ: "ಇದೆಲ್ಲ ಸುಳ್ಳು. ಕರಡಿ ಇತ್ತು." ನನ್ನ ಪೋಸ್ಟಿಗಿಂತ ಅದಕ್ಕೇ ಹೆಚ್ಚು ಲೈಕು.

ಫೋನ್ ಮಾಡಿದೆ. "ಏನ್ ಕಾಕಾ ಇದು? ನಾನೇ ಒಪ್ಪಿಕೊಂಡೀನಲ್ಲ."

ಕಾಕಾ ದನಿ ತಗ್ಗಿಸಿದ. "ಸುಮ್ನಿರು. ನಿಮ್ಮಪ್ಪ ಕಾಳಗ್ಯಾಗ ಹೊಸಾ ಫೋನ್ ತಗೊಂಡಾನ. ಓದ್ಯಾನು."

ನನಗೆ ನಲವತ್ತೆಂಟು. ಲಗ್ನವಾಗಿ ಇಪ್ಪತ್ತು ವರ್ಷವಾಯಿತು. ಆದರೂ ಫೋನಿಟ್ಟು ಕಾಕಾನ ಮಾತಿನ ಕೆಳಗೆ ಬರೆದೆ: "ಎಷ್ಟು ದೊಡ್ಡದಿತ್ತು ಕಾಕಾ?"

ಅರ್ಧ ತಾಸಾಯಿತು, ಕಾಕಾನ ಉತ್ತರ ಇನ್ನೂ ಬಂದಿಲ್ಲ. ಒಂದೇ ಬೆರಳಿನಿಂದ ಒತ್ತುತ್ತಾನೆ ಪಾಪ. ದೊಡ್ಡದೇ ಇರಬೇಕು.