ನಾಲ್ಕು ಒಂದು, ನಾಲ್ಕು ಎರಡು

ನಾನು ನಾಲ್ಕನೇ ಇಯತ್ತೆಯವರೆಗೆ ಓದಿದವಳು. ಕನ್ನಡ ಓದುತ್ತೇನೆ, ನಿಧಾನವಾಗಿ ಬರೆಯುತ್ತೇನೆ. ಇಂಗ್ಲಿಷಿನಲ್ಲಿ ಅಂಕಿಗಳಷ್ಟೇ ಬರುತ್ತಿದ್ದವು. ಬಸ್ಸಿನ ನಂಬರು ನೋಡಲು, ಫೋನು ತಿರುಗಿಸಲು ಅಷ್ಟು ಸಾಕಿತ್ತು. ಇದನ್ನು ಮೊದಲೇ ಹೇಳುತ್ತೇನೆ, ಯಾಕೆಂದರೆ ನನ್ನಿಂದಾದ ತಪ್ಪು ಆ ಅಂಕಿ ಬಂದದ್ದರಿಂದಲೇ ಆದದ್ದು. ಅದೂ ಬರದಿದ್ದರೆ ನಾನು ಸುಮ್ಮನೆ ಅಣ್ಣ ಬರುವ ತನಕ ಕಾಯುತ್ತಿದ್ದೆ.

ಅಣ್ಣ ನನಗಿಂತ ಹನ್ನೊಂದು ವರ್ಷ ದೊಡ್ಡವನು. ನ್ಯೂಯಾರ್ಕಿನಲ್ಲಿ ಸೇತುವೆಗಳ ಆಫೀಸಿನಲ್ಲಿ ಎಂಜಿನಿಯರ್. ಅವನ ಕೆಲಸ ಸೇತುವೆ ಕಟ್ಟುವುದಲ್ಲ, ಬೇರೆಯವರು ಹಾಕಿದ ಲೆಕ್ಕ ಸರಿಯಿದೆಯೇ ಎಂದು ನೋಡುವುದು. ಅವನು ಸಹಿ ಹಾಕಿದ ಮೇಲೆಯೇ ಕಬ್ಬಿಣ ಏಳುತ್ತಿತ್ತು. ಅತ್ತಿಗೆ ತೀರಿಕೊಂಡ ಮೇಲೆ ನನ್ನನ್ನು ಧಾರವಾಡದಿಂದ ಕರೆಸಿಕೊಂಡ. ಮಕ್ಕಳಿರಲಿಲ್ಲ. ಫ್ಲೋರಲ್ ಪಾರ್ಕಿನ ಸಣ್ಣ ಮನೆಯಲ್ಲಿ ನಾವಿಬ್ಬರೇ. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ಹಿಲ್‌ಸೈಡ್ ಅವೆನ್ಯೂದಲ್ಲಿ ಆಗ ನಮ್ಮವರ ಅಂಗಡಿಗಳು ಇನ್ನೂ ಬಂದಿರಲಿಲ್ಲ. ತೊಗರಿಬೇಳೆಗೂ ಅಣ್ಣ ಆಫೀಸಿನಿಂದ ಬರುವಾಗ ಮ್ಯಾನ್‌ಹಾಟನ್ನಿನಲ್ಲಿ ಕೊಂಡು ಟ್ರೇನಿನಲ್ಲಿ ಹೊತ್ತು ತರುತ್ತಿದ್ದ.

ಒಂದು ವಸಂತದಲ್ಲಿ ಅವನು ಸ್ಪೇನು, ಪೋರ್ಚುಗಲ್ಲಿನ ಬಸ್ ಟೂರಿಗೆ ಇಬ್ಬರ ಹೆಸರು ಕೊಟ್ಟ. ಅವನಿಗೆ ಬೇಕಾಗಿದ್ದದ್ದು ಅಲ್ಲಿನ ಹಳೇ ಸೇತುವೆಗಳು. ಎರಡು ಸಾವಿರ ವರ್ಷ ಹಿಂದೆ ಕಟ್ಟಿದವು ಇನ್ನೂ ನಿಂತಿವೆಯಂತೆ, ಆ ಲೆಕ್ಕ ಯಾರು ನೋಡಿದ್ದರೋ ಎಂದು ನಗುತ್ತಿದ್ದ. ನನಗೆ ಬೇಕಾಗಿದ್ದದ್ದು ಏನೂ ಇರಲಿಲ್ಲ. ಅವಲಕ್ಕಿ, ಚಟ್ನಿಪುಡಿ ಕಟ್ಟಿಕೊಂಡು ಹೊರಟೆ.

ಎರಡು ವಾರದಲ್ಲಿ ಎಂಟು ಊರು. ಲಿಸ್ಬನ್, ಕೊಯಿಂಬ್ರ, ಪೋರ್ತೊ, ಸಾಲಮಾಂಕ, ಟೊಲೆಡೊ, ಕಾರ್ಡೊಬ, ಸೆವಿಲ್, ಗ್ರನಾಡ. ಈಗ ಸಾಲಾಗಿ ಬರೆದೆ, ಆಗ ಒಂದೂ ಸಾಲಾಗಿರಲಿಲ್ಲ. ಬೆಳಿಗ್ಗೆ ಆರೂವರೆಗೆ ಪೆಟ್ಟಿಗೆ ರೂಮಿನ ಹೊರಗಿಡಬೇಕು. ಬಸ್ಸು ಹತ್ತಬೇಕು. ಇಳಿದಾಗ ಮತ್ತೊಂದು ಚೌಕ, ಮತ್ತೊಂದು ಗೋಪುರ, ಮತ್ತೆ ಅದೇ ಕೆಂಪು ಛತ್ರಿ ಎತ್ತಿ ಹಿಡಿದು ಮುಂದೆ ಹೋಗುವ ನಮ್ಮ ಗೈಡ್ ಬಾಯಿ. ಆಕೆ ಹೇಳಿದ್ದನ್ನು ಅಣ್ಣ ನನಗೆ ಕನ್ನಡದಲ್ಲಿ ಹೇಳುತ್ತಿದ್ದ. ಇದು ಮೊದಲು ಮಸೀದಿ, ಆಮೇಲೆ ಇಗರ್ಜಿ. ಅದು ಅರಮನೆ, ಕಟ್ಟಿದವರು ಒಬ್ಬರು, ಇದ್ದವರು ಇನ್ನೊಬ್ಬರು. ಕಾರ್ಡೊಬದಲ್ಲಿ ಕೆಂಪು ಬಿಳಿ ಪಟ್ಟೆಯ ಕಮಾನುಗಳ ಕೆಳಗೆ ಎಷ್ಟು ನಡೆದರೂ ಕಂಬಗಳೇ. ಎಲ್ಲಿಂದ ಒಳಗೆ ಬಂದೆ ಎಂದು ತಿಳಿಯದೆ ಅಣ್ಣನ ಕೋಟಿನ ಚುಂಗು ಹಿಡಿದುಕೊಂಡೆ.

ದಿನಾ ಬಸ್ಸು ಹತ್ತಿದ ಕೂಡಲೇ ಅವನದೊಂದು ಚೇಷ್ಟೆ. "ಇವತ್ತ ಯಾವ ಊರಾಗ ಅದೀವಿ, ಹೇಳು ನೋಡೋಣ."

"ನನಗೇನ ಗೊತ್ತೋ ಅಣ್ಣಾ. ಹುಬ್ಬಳ್ಳಿ ಅಂತ ತಿಳಕೊ."

ಸುತ್ತಲಿನ ಅಮೆರಿಕನ್ನರಿಗೂ ಅದನ್ನು ಇಂಗ್ಲಿಷಿನಲ್ಲಿ ಹೇಳಿ ನಗಿಸುತ್ತಿದ್ದ.

ಟೊಲೆಡೊದಲ್ಲಿ ಒಂದು ತಾಸು ಬಿಡುವು ಕೊಟ್ಟರು. ಅಣ್ಣ ಸೇತುವೆ ನೋಡಿ ಬರುತ್ತೇನೆಂದು ಹೋದ. ಹೊತ್ತಾದರೂ ಬರಲಿಲ್ಲ. ಎಲ್ಲರೂ ಬಸ್ಸಿನಲ್ಲಿ ಕೂತು ಗಡಿಯಾರ ನೋಡತೊಡಗಿದರು. ಗೈಡ್ ಬಾಯಿಯೂ ನಾನೂ ಹುಡುಕಲು ಹೋದೆವು. ಎರಡು ಕೈ ಚಾಚಿದರೆ ಎರಡೂ ಗೋಡೆ ತಾಗುವಂಥ ಒಂದು ಓಣಿಯಲ್ಲಿ, ಮುಚ್ಚಿದ ಬಾಗಿಲಿನ ಮುಂದೆ ನಿಂತಿದ್ದ. ಕೈಯಲ್ಲಿ ನಕ್ಷೆ ಇತ್ತು. ನಮ್ಮನ್ನು ನೋಡಿ ನಕ್ಕ. ಕ್ಯಾಮೆರಾ ನನ್ನ ಕೈಗೆ ಕೊಟ್ಟು, "ಒಂದು ಫೋಟೋ ತಗಿ. ಕಳದುಹೋದವ ಸಿಕ್ಕ ಜಾಗ ಇದು" ಎಂದ. ಆ ಪ್ರವಾಸದಲ್ಲಿ ನಾನು ತೆಗೆದದ್ದು ಅದೊಂದೇ.

ಬಸ್ಸಿನ ಕಡೆ ನಡೆಯುವಾಗ ಮೆಲ್ಲಗೆ ಕೇಳಿದ, "ಇದು ಯಾವ ಊರು?" ದಿನದ ಚೇಷ್ಟೆಯೆಂದು ನಾನು "ಹುಬ್ಬಳ್ಳಿ" ಎಂದೆ. ಅವನು ನಗಲಿಲ್ಲ.

ನಮ್ಮಪ್ಪ ಐವತ್ತೈದಕ್ಕೆ ಮರೆಯಲು ಶುರು ಮಾಡಿದ್ದರು. ಮೊದಲ ಸಲ ಕಚೇರಿಯಿಂದ ಬಂದವರು ಪಕ್ಕದ ಮನೆಗೆ ಹೋಗಿ ಕೈಕಾಲು ತೊಳೆದು ಊಟಕ್ಕೆ ಕೂತಿದ್ದರು. ಕೊನೆಗೆ ನನ್ನನ್ನು ಯಾರ ಮನೆಯ ಹುಡುಗಿ ಎಂದು ಕೇಳುತ್ತಿದ್ದರು. ಅದನ್ನೆಲ್ಲ ನಾನು ನೋಡಿದವಳು, ಅಣ್ಣ ಅಮೆರಿಕದಲ್ಲಿ ಕಾಗದದಲ್ಲಿ ಓದಿದವನು. ಓದಿದವನಿಗೇ ಹೆದರಿಕೆ ಹೆಚ್ಚು. ಟೂರಿಗೆ ಹೋದಾಗ ಅವನಿಗೆ ಐವತ್ಮೂರು.

ಬಂದ ಮೇಲೆ ಫೋಟೋಗಳು ಸ್ಲೈಡುಗಳಾಗಿ ಬಂದವು, ರಟ್ಟಿನ ಚೌಕಟ್ಟು ಹಾಕಿದ ಸಣ್ಣ ಫಿಲ್ಮು ತುಂಡುಗಳು, ಮಷಿನ್ನಿಗೆ ಹಾಕಿದರೆ ಗೋಡೆಯ ಮೇಲೆ ದೊಡ್ಡದಾಗಿ ಕಾಣುವಂಥವು. ಆಗ ನಮ್ಮವರಲ್ಲಿ ಯಾರು ಎಲ್ಲಿಗೆ ಹೋಗಿ ಬಂದರೂ ಒಂದು ಶನಿವಾರ ಎಲ್ಲರನ್ನೂ ಕರೆದು, ಊಟ ಹಾಕಿ, ಸ್ಲೈಡು ತೋರಿಸುವ ರೂಢಿ. ಅಣ್ಣ ಒಂದು ವಾರ ಕೂತು ಸ್ಲೈಡುಗಳನ್ನು ದೊಡ್ಡ ದುಂಡನೆಯ ಟ್ರೇಯಲ್ಲಿ ಊರಿನ ಪ್ರಕಾರ ಜೋಡಿಸಿದ. ಸ್ಲೈಡನ್ನು ತಲೆಕೆಳಗಾಗಿ ಇಟ್ಟರೆ ಗೋಡೆಯ ಮೇಲೆ ನೆಟ್ಟಗೆ ಕಾಣುತ್ತದೆ. ಅದಕ್ಕಾಗಿ ಪ್ರತಿಯೊಂದರ ಮೂಲೆಗೂ ಕೆಂಪು ಚುಕ್ಕೆ ಇಟ್ಟಿದ್ದ. "ಬೇಸ್‌ಮೆಂಟಿನಾಗ ಏನ ಬೇಕಾದ್ರ ಮುಟ್ಟು, ಇದೊಂದನ್ನ ಮುಟ್ಟಬ್ಯಾಡ" ಎಂದಿದ್ದ.

ಆ ಶನಿವಾರ ಮಧ್ಯಾಹ್ನ ಅವನು ಐಸ್‌ಕ್ರೀಮು ತರಲು ಕಾರು ತೆಗೆದುಕೊಂಡು ಹೋಗಿದ್ದ. ಚಿತ್ರಾನ್ನದ ಪಾತ್ರೆ ಇಡಲು ನನಗೆ ಮೇಜು ಬೇಕಿತ್ತು. ಟ್ರೇ ಎತ್ತಿದೆ. ಸ್ಲೈಡು ಬೀಳದಂತೆ ಟ್ರೇಯ ಮೇಲೆ ಹಾಕುವ ಬಳೆ ಬಿಗಿಯಾಗಿರಲಿಲ್ಲವೋ, ನಾನು ಓರೆ ಹಿಡಿದೆನೋ, ಒಂದೂ ಉಳಿಯದೆ ನೆಲಕ್ಕೆ ಸುರಿದವು.

ನೆಲದ ಮೇಲೆ ಕೂತು ಆರಿಸಿದೆ. ಆಗ ಕಂಡದ್ದು, ಪ್ರತಿ ಸ್ಲೈಡಿನ ಅಂಚಿನಲ್ಲಿ ಒಂದೊಂದು ಅಂಕಿ ಅಚ್ಚಾಗಿತ್ತು. ಜೀವ ಬಂದ ಹಾಗಾಯಿತು. ಅಂಕಿ ಇದ್ದ ಮೇಲೆ ಇನ್ನೇನು? ಒಂದು ಹುಡುಕಿದೆ. ಒಂದು ನಾಲ್ಕು ಸಿಕ್ಕವು. ಎರಡೂ ನಾಲ್ಕು. ಯಾಕೆ ನಾಲ್ಕು ಎಂದು ನಾನು ಕೇಳಿಕೊಳ್ಳಲಿಲ್ಲ. ನಾಲ್ಕು ರೋಲು ಫಿಲ್ಮಿತ್ತು, ಪ್ರತಿ ರೋಲಿಗೂ ಅಂಕಿ ಒಂದರಿಂದ ಶುರುವಾಗುತ್ತದೆ ಎಂಬುದು ನನಗೆ ತಿಳಿಯದು. ನಾಲ್ಕು ಒಂದು, ನಾಲ್ಕು ಎರಡು, ನಾಲ್ಕು ಮೂರು, ಹೀಗೆ ಸೇರಿಸುತ್ತ ಹೋದೆ. ಚುಕ್ಕೆಗಳನ್ನೂ ಒಂದೇ ಕಡೆ ಬರುವ ಹಾಗೆ ನೋಡಿಕೊಂಡೆ. ಅಷ್ಟು ಅಚ್ಚುಕಟ್ಟಾಗಿ ನಾನು ಮತ್ತೇನೂ ಮಾಡಿಲ್ಲ.

ಸಂಜೆ ಐದಕ್ಕೆ ನ್ಯೂಜೆರ್ಸಿಯಿಂದ, ಕ್ವೀನ್ಸಿನಿಂದ ಐದಾರು ಕುಟುಂಬ ಬಂದವು. ಅಣ್ಣ ಪ್ರೊಫೆಸರರ ಹಾಗೆ ಗೋಡೆಗೆ ಬೆನ್ನು ಮಾಡಿ, ಜನರ ಕಡೆ ಮುಖ ಮಾಡಿ, ಕೈಯಲ್ಲಿ ಮಷಿನ್ನಿನ ಗುಂಡಿ ಹಿಡಿದು ನಿಂತ.

"ಇದು ಲಿಸ್ಬನ್ನಿನ ದೊಡ್ಡ ಚೌಕ. ನದೀ ದಂಡಿಗೇ ಅದ." ಗುಂಡಿ ಒತ್ತಿದ. "ಅದೇ ಚೌಕ, ಇನ್ನೊಂದು ಬಾಜೂದಿಂದ."

ಗೋಡೆಯ ಮೇಲೆ ಪೋರ್ತೊ ಊರಿನ ಕಬ್ಬಿಣದ ಸೇತುವೆ ಇತ್ತು. ನನಗೆ ಅದರ ಹೆಸರು ತಿಳಿಯದಿದ್ದರೂ ಅದು ಚೌಕವಲ್ಲ ಎಂಬುದು ತಿಳಿಯಿತು. ಅವನು ತಿರುಗಿ ನೋಡಲಿಲ್ಲ. ಮತ್ತೆ ಒತ್ತಿದ. "ಮುಂದ ಸಮುದ್ರದ ಕಡೆ ಹೊಂಟ್ವಿ." ಟೊಲೆಡೊದ ಬೆಟ್ಟ. "ಇಲ್ಲಿಂದ ಹಡಗು ಬಿಡತಿದ್ರು." ಕಿತ್ತಳೆ ಮರದ ಕೆಳಗೆ ನಿಂತ ನಾನು.

ಮೈಸೂರಿನ ಡಾಕ್ಟರೊಬ್ಬರಿದ್ದರು, ತಮಾಷೆಯ ಮನುಷ್ಯ. "ಏನ್ ಸಾರ್, ಹಡಗಲ್ಲಿ ನಿಮ್ ತಂಗೀನೇ ತುಂಬಿ ಕಳಿಸ್ಬಿಟ್ರಾ?" ಎಂದರು. ಮಕ್ಕಳು ಕೂಡ ನಕ್ಕರು.

ಅಣ್ಣ ತಿರುಗಿದ. ಒಂದು ಹಿಂದೆ ಹೋದ, ಎರಡು ಮುಂದೆ ಹೋದ. ಚೌಕ, ಸೇತುವೆ, ಬೆಟ್ಟ, ಕಿತ್ತಳೆ. ಮತ್ತೆ ಚೌಕ. "ಇದು ಟೊಲೆಡೊ... ಅಲ್ಲ, ಇದು... ತಡೀರಿ." ಹಣೆ ಒರೆಸಿಕೊಂಡು ನನ್ನ ಕಡೆ ನೋಡಿದ. "ಏ, ನೀ ಇದನ್ನ ಮುಟ್ಟಿದ್ದೇನ?"

ಎಲ್ಲರೂ ನನ್ನನ್ನೇ ನೋಡಿದರು. ಓದಿದ ಹೆಂಗಸರು, ಡಾಕ್ಟರರು, ಅವರ ಇಂಗ್ಲಿಷ್ ಮಕ್ಕಳು. ನನ್ನ ಬಾಯಿಂದ ಬಂತು, "ಇಲ್ಲಪಾ. ನಾ ಯಾಕ ಮುಟ್ಟಲಿ?"

"ವಯಸ್ಸಾಯ್ತಲ್ಲ ಸಾರ್" ಎಂದರು ಡಾಕ್ಟರು. ಅವರು ಅಂದದ್ದು ನಗೆಗೆ. "ನಂಗೂ ಅಷ್ಟೇ, ಕನ್ನಡಕ ಹಾಕ್ಕೊಂಡೇ ಕನ್ನಡಕ ಹುಡುಕ್ತೀನಿ."

ಎಲ್ಲರೂ ಹೋದ ಮೇಲೆ ಅಣ್ಣ ಟ್ರೇ ಮುಂದಿಟ್ಟುಕೊಂಡು ಕೂತ. ತನ್ನಷ್ಟಕ್ಕೆ ತಾನೇ ಹೇಳಿದ, "ಬಿದ್ದಿದ್ರ ನಾಕರ ತಲೆಕೆಳಗ ಆಗಬೇಕಿತ್ತು. ಎಲ್ಲಾ ನೆಟ್ಟಗ ಅವ. ಗೊತ್ತಿದ್ದವರ ಕೈಯೇ ಇಟ್ಟದ್ದು." ಆಮೇಲೆ ಎಲ್ಲವನ್ನೂ ಬೂಟಿನ ಡಬ್ಬಿಗೆ ಸುರಿದು ಮುಚ್ಚಿದ. ನಾನು ಪಕ್ಕದಲ್ಲೇ ತಟ್ಟೆ ಒರೆಸುತ್ತಿದ್ದೆ. ಆಗ ಹೇಳಬಹುದಿತ್ತು. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆ ಎಂಬುದು ಎಷ್ಟು ವಾರ ಹೋಯಿತೋ ನನಗೇ ತಿಳಿಯಲಿಲ್ಲ.

ಅಷ್ಟರಲ್ಲಿ ಅವನು ಬೇರೆಯೇ ಆದ. ಬಾಗಿಲು ಹಾಕಿ ಎರಡು ಸಲ ಎಳೆದು ನೋಡುವನು. ಅಂಗಡಿಗೆ ಹೋಗುವಾಗ ಮೂರು ಸಾಮಾನಿಗೂ ಚೀಟಿ. ಆಫೀಸಿನ ಕಾಗದ ಮನೆಗೆ ತಂದು, ನೋಡಿದ್ದನ್ನೇ ಮತ್ತೆ ನೋಡುವನು. ನನಗೂ ಗೊಂದಲವಾಯಿತು. ಚಹಾಕ್ಕೆ ಸಕ್ಕರೆ ಹಾಕಿಕೊಂಡು ಮತ್ತೆ ಹಾಕಿಕೊಂಡರೆ, ಮೊದಲೂ ಹೀಗೇ ಮಾಡುತ್ತಿದ್ದನೇ? ನಾನು ನೋಡಿರಲಿಲ್ಲವೇ? ಒಂದೊಂದು ಸಲ, ದೇವರೇ, ಇವನು ನಿಜವಾಗಿಯೂ ಏನಾದರೂ ಮರೆತರೆ ನನ್ನ ಸುಳ್ಳು ಹಗುರಾಗುತ್ತದಲ್ಲ ಎಂದೂ ಅನ್ನಿಸಿತು. ಇದನ್ನು ಇಲ್ಲಿಯತನಕ ಯಾರಿಗೂ ಹೇಳಿಲ್ಲ.

ಒಂದು ಶುಕ್ರವಾರ ಊಟಕ್ಕೆ ಕೂತಾಗ ಹೇಳಿದ, "ಕೆಲಸ ಬಿಡತೀನಿ ಅಂತ ಬರದು ಕೊಟ್ಟೆ. ಸೋಮವಾರದ ತನಕಾ ವಿಚಾರ ಮಾಡು ಅಂದಾನ ಸಾಹೇಬ. ವಿಚಾರ ಮಾಡೂದೇನದ? ಫೋಟೋ ಸಾಲಾಗಿ ಇಡಲಿಕ್ಕೆ ಬರದವ ಬ್ರಿಜ್ಜಿನ ಲೆಕ್ಕ ನೋಡಬಾರದು. ಅದರ ಮ್ಯಾಲ ಜನಾ ಹೋಗತಾರ."

ಶನಿವಾರವೂ ಹಾಗೇ ಹೋಯಿತು. ಭಾನುವಾರ ಬೆಳಿಗ್ಗೆ ಅವನು ಪೇಪರು ಓದುವಾಗ ಎದುರಿಗೆ ನಿಂತು ಹೇಳಿಬಿಟ್ಟೆ. ಬಿದ್ದದ್ದು, ಆರಿಸಿದ್ದು, ಅಂಕಿ ನೋಡಿ ಇಟ್ಟದ್ದು.

ಅವನು ಪೇಪರು ಮಡಚಿದ. "ಹುಚ್ಚಿ. ನನ್ನ ಸಮಾಧಾನಕ್ಕ ಕತಿ ಕಟ್ಟಬ್ಯಾಡ."

"ಕತಿ ಅಲ್ಲೋ ಅಣ್ಣಾ. ದೇವರಾಣಿ."

"ಅವತ್ತ ಮುಟ್ಟಿಲ್ಲ ಅಂದಿ."

"ಅವತ್ತ ಹೇಳಿದ್ದು ಸುಳ್ಳು."

"ಹಂಗಾರ ಇವತ್ತಿಂದು ಖರೆ ಅಂತ ಹೆಂಗ ತಿಳೀಬೇಕು?"

ಅವನು ಎದ್ದು ಹೋಗಿ ಬೂಟಿನ ಡಬ್ಬಿಯನ್ನೂ ಖಾಲಿ ಟ್ರೇಯನ್ನೂ ತಂದು ಮುಂದಿಟ್ಟ. "ಇಟ್ಟು ತೋರಿಸು."

ಇಟ್ಟೆ. ನಾಲ್ಕು ಒಂದು, ನಾಲ್ಕು ಎರಡು. ಅವನು ಕುರ್ಚಿ ಎಳೆದುಕೊಂಡು ಒಂದೊಂದನ್ನೂ ನೋಡುತ್ತ ಕೂತ. ಮುಗಿದ ಮೇಲೆ ಬೇಸ್‌ಮೆಂಟಿನ ಕಿಟಕಿಗೆ ಚಾದರ ಹಾಕಿ ಮಷಿನ್ ಹಚ್ಚಿದ. ಮೊದಲು ಬಂದದ್ದು ಕಿತ್ತಳೆ ಮರ. ಆಮೇಲೆ ಚೌಕ.

"ಅವತ್ತ ಹಿಂಗ ಇರಲಿಲ್ಲ."

"ನಾಕು ಒಂದರಾಗ ಯಾವುದು ಮೊದಲು ಇಟ್ಟಿದ್ದೆ ಅಂತ ನನಗ ನೆನಪಿಲ್ಲ."

"ನನಗ ನೆನಪದ. ಚೌಕ, ಬ್ರಿಜ್ಜು, ಬೆಟ್ಟ, ನೀನು." ಟ್ರೇ ಇಳಿಸಿ ನಾಲ್ಕನ್ನೂ ಬದಲಿಸಿದ. ಮುಂದಿನ ನಾಲ್ಕನ್ನೂ ಬದಲಿಸಿದ. ಟ್ರೇ ಮತ್ತೆ ಏರಿಸಿ, ಒತ್ತುತ್ತ ಬಂದು ನಾಲ್ಕನೆಯದರಲ್ಲಿ ನಿಲ್ಲಿಸಿದ.

ನನಗೆ ಕುಣಿಯುವಷ್ಟು ಸಂತೋಷವಾಯಿತು. "ನೋಡು, ತಪ್ಪು ಸಾಲು ಸುದ್ದಾ ನಿನಗ ಬಾಯಿಪಾಠ ಅದ! ನಾಳೆ ಹೋಗಿ ಕಾಗದ ವಾಪಸ್ ತಗೊ."

ಅವನು ಮಷಿನ್ ಆರಿಸಲಿಲ್ಲ. ಗೋಡೆಯ ಮೇಲೆ ನಾನು ಕಿತ್ತಳೆ ಮರದ ಕೆಳಗೆ ನಿಂತೇ ಇದ್ದೆ. "ನೀ ಇಟ್ಟದ್ದು ಖರೆ. ಒಪ್ಪಿದೆ" ಎಂದ. "ಆದರ ಅವತ್ತ ಅಷ್ಟು ಮಂದಿ ಮುಂದ ನಿಂತಾಗ, ನಿನ್ನ ಕೇಳಿದೆ ಖರೆ, ಆದರೂ ಟ್ರೇ ತಪ್ಪೇದ ಅಂತ ನನಗ ಅನಸಲಿಲ್ಲ. ನಾ ತಪ್ಪೀನಿ ಅನಿಸ್ತು. ಮೊದಲನೇ ಸಲಕ್ಕೇ ಹಂಗ ಅನಿಸ್ತು. ಲೆಕ್ಕ ನೋಡೋ ಮನುಷ್ಯಾಗ ಹಂಗ ಅನಸಬಾರದು."

"ನಾ ಸುಳ್ಳು ಹೇಳಿದ್ದಕ್ಕ ಹಂಗ ಅನಿಸ್ತು."

"ಇರಬಹುದು" ಎಂದ. "ಟೊಲೆಡೊದಾಗ ನಾ ದಾರಿ ತಪ್ಪಿದಾಗ ನೀ ಸುಳ್ಳು ಹೇಳಿರಲಿಲ್ಲ."

ಸೋಮವಾರ ಹೋದ. ಕಾಗದ ವಾಪಸ್ ತೆಗೆದುಕೊಳ್ಳಲಿಲ್ಲ. ತಿಂಗಳ ಕೊನೆಗೆ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಲೆಕ್ಕ ಮಾಡುವ ತನ್ನ ಸ್ಲೈಡ್‌ರೂಲು ಪಟ್ಟಿ, ಚಹಾದ ಕಪ್ಪು, ಕಿಟಕಿಯಲ್ಲಿಟ್ಟಿದ್ದ ಗಿಡ ತೆಗೆದುಕೊಂಡು ಟ್ರೇನಿಳಿದು ಬಂದ.

ಆಮೇಲೆ ಅವನು ಹದಿನೇಳು ವರ್ಷ ಇದ್ದ. ಮರೆವು ಬಂತೇ ಎಂದು ಕೇಳಿದರೆ ನನಗೆ ಹೇಳಲು ಬಾರದು. ಎಲ್ಲರೂ ಮರೆಯುವಷ್ಟು ಮರೆತ. ನನ್ನನ್ನು ಯಾರ ಮನೆಯವಳು ಎಂದು ಕೇಳಲಿಲ್ಲ. ಹಾಗಾದರೆ ಅವನ ಕೆಲಸ ನಾನೇ ಕಳೆದೆನೇ, ಇಲ್ಲ ಅವನು ಮೊದಲೇ ಬಿಡುವವನಿದ್ದನೇ? ಒಂದು ದಿನ ಹೀಗೆ ತೋರುತ್ತದೆ, ಒಂದು ದಿನ ಹಾಗೆ.

ಕೆಲಸ ಬಿಟ್ಟ ಮೊದಲ ವಾರ ಅವನು ಅಡುಗೆಮನೆಯ ಮೇಜಿನ ಮೇಲೆ ಸ್ಲೈಡುಗಳನ್ನು ಹರಡಿಕೊಂಡು, ಒಂದೊಂದರ ಅಂಚಿನಲ್ಲೂ ಸಣ್ಣ ಅಕ್ಷರದಲ್ಲಿ ಊರಿನ ಹೆಸರು ಬರೆದ. ಕನ್ನಡದಲ್ಲಿ ಬರೆದ. "ಇನ್ನ ಬಿದ್ರ ಇದನ್ನ ನೋಡಿ ಇಡು" ಎಂದ. ನಾನು ಓದಲಿ ಎಂದು ಕನ್ನಡದಲ್ಲಿ ಬರೆದನೋ, ಇಂಗ್ಲಿಷು ಮರೆತ ಕಾಲಕ್ಕೆ ತನಗೇ ಇರಲಿ ಎಂದು ಬರೆದನೋ, ಕೇಳುವ ಧೈರ್ಯವಾಗಲಿಲ್ಲ.

ಡಬ್ಬಿ ಈಗ ನನ್ನ ಹತ್ತಿರ ಇದೆ. ಎಲ್ಲದರ ಮೇಲೂ ಹೆಸರಿದೆ, ಒಂದರ ಮೇಲೆ ಮಾತ್ರ ಇಲ್ಲ. ಇಕ್ಕಟ್ಟಿನ ಓಣಿಯಲ್ಲಿ, ಮುಚ್ಚಿದ ಬಾಗಿಲಿನ ಮುಂದೆ ಅಣ್ಣ ನಗುತ್ತ ನಿಂತಿದ್ದಾನೆ. ನಾನು ತೆಗೆದದ್ದರಿಂದ ಸ್ವಲ್ಪ ಓರೆಯಾಗಿದೆ. ಆ ಊರಿನ ಹೆಸರು ನನಗೆ ಗೊತ್ತು. ಎರಡು ಮೂರು ಸಲ ಪೆನ್ನು ಹಿಡಿದು ಕೂತಿದ್ದೇನೆ, ಬರೆದಿಲ್ಲ.